ಕೊಲಾಜೆನ್ ಆಧಾರಿತ ಕೃತಕ ಚರ್ಮ

ಕೊಲಾಜೆನ್ ಆಧಾರಿತ ಕೃತಕ ಚರ್ಮವು ಆಳವಾದ ಸುಟ್ಟಗಾಯಗಳ ಚಿಕಿತ್ಸೆಯಲ್ಲಿ ಬಳಸುವ, ನೈಸರ್ಗಿಕ ಪಾಲಿಮರ್‌ಗಳಿಂದ ತಯಾರಿಸಿದ ರಂಧ್ರಮಯ ಸಂಯೋಜಿತ ವಸ್ತುವಾಗಿದೆ. ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಅಯೋನಿಸ್ ಯಾನಾಸ್ ಹಾಗೂ ಬಾಸ್ಟನ್ನಿನ ಶಸ್ತ್ರವೈದ್ಯ ಜಾನ್ ಬರ್ಕ್ ಇದನ್ನು ಅಭಿವೃದ್ಧಿಪಡಿಸಿದರು. ರೋಗಿಗಳ ಮೇಲಿನ ಬಳಕೆಯ ಫಲಿತಾಂಶಗಳು 1981ರಲ್ಲಿ ಪ್ರಕಟವಾದವು. ಇದರ ವಾಣಿಜ್ಯ ರೂಪವಾದ ‘ಇಂಟೆಗ್ರಾ’ಕ್ಕೆ 1996ರಲ್ಲಿ ಅಮೆರಿಕದಲ್ಲಿ ಅನುಮೋದನೆ ದೊರೆಯಿತು.

ಹಿನ್ನೆಲೆ

ಚರ್ಮವು ಪೂರ್ಣ ಆಳದವರೆಗೆ ಸುಟ್ಟುಹೋದಾಗ ದೇಹದ್ರವದ ನಷ್ಟ ಮತ್ತು ಸೋಂಕಿನಿಂದ ಪ್ರಾಣಾಪಾಯ ಒದಗುತ್ತದೆ. ರೋಗಿಯ ಸ್ವಂತ ಚರ್ಮವನ್ನು ಕಸಿ ಮಾಡುವುದು ರೂಢಿಯ ಚಿಕಿತ್ಸೆ. ಆದರೆ ದೇಹದ ಬಹುಭಾಗ ಸುಟ್ಟಿದ್ದರೆ ಕಸಿಗೆ ಸಾಲುವಷ್ಟು ಚರ್ಮ ಉಳಿದಿರುವುದಿಲ್ಲ. ವಯಸ್ಕರಲ್ಲಿ ನಾಶವಾದ ಒಳಚರ್ಮವು ತಾನಾಗಿ ಮತ್ತೆ ಬೆಳೆಯುವುದಿಲ್ಲ. ಗಾಯವು ಕುಗ್ಗಿ, ಗಡುಸಾದ ಕಲೆಯಾಗಿ ಮುಚ್ಚಿಕೊಳ್ಳುತ್ತದೆ. ಕೀಲುಗಳ ಬಳಿ ಇಂತಹ ಕುಗ್ಗುವಿಕೆಯು ಚಲನೆಗೆ ಅಡ್ಡಿಯಾಗುತ್ತದೆ.

ರಚನೆ ಮತ್ತು ತಯಾರಿಕೆ

ಈ ವಸ್ತುವಿನಲ್ಲಿ ಎರಡು ಪದರಗಳಿವೆ. ಕೆಳಪದರವು ದನದ ಸ್ನಾಯುರಜ್ಜಿನ ಕೊಲಾಜೆನ್ ಮತ್ತು ಶಾರ್ಕ್ ಮೀನಿನ ಮೃದ್ವಸ್ಥಿಯಿಂದ ಪಡೆದ ಕಾಂಡ್ರಾಯಿಟಿನ್-6-ಸಲ್ಫೇಟ್‌ಗಳ ಸಂಯೋಜನೆ. ಮೇಲ್ಪದರವು ಸಿಲಿಕೋನ್ ಹಾಳೆ. ಇದು ತೇವಾಂಶದ ನಷ್ಟವನ್ನು ನಿಯಂತ್ರಿಸಿ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ.

ಆಮ್ಲೀಯ ದ್ರವದಲ್ಲಿ ಹರಡಿದ ಈ ಎರಡು ಪಾಲಿಮರ್‌ಗಳ ಮಿಶ್ರಣವನ್ನು ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ಮಂಜನ್ನು ನೇರವಾಗಿ ಆವಿಯಾಗಿಸಲಾಗುತ್ತದೆ. ಮಂಜಿನ ಹರಳುಗಳಿದ್ದ ಜಾಗಗಳೇ ರಂಧ್ರಗಳಾಗಿ ಉಳಿಯುತ್ತವೆ. ಬೇಗನೆ ಹೆಪ್ಪುಗಟ್ಟಿಸಿದರೆ ಹರಳುಗಳೂ ರಂಧ್ರಗಳೂ ಚಿಕ್ಕದಾಗುತ್ತವೆ. ಬಳಿಕ ಶಾಖ ಮತ್ತು ಗ್ಲುಟರಾಲ್ಡಿಹೈಡ್ ಬಳಸಿ ಅಣುಗಳ ನಡುವೆ ಅಡ್ಡಬಂಧಗಳನ್ನು ಏರ್ಪಡಿಸಲಾಗುತ್ತದೆ.

ಕಾರ್ಯವಿಧಾನ

ಗಾಯದ ತಳದಿಂದ ಜೀವಕೋಶಗಳು ಮತ್ತು ರಕ್ತನಾಳಗಳು ರಂಧ್ರಗಳೊಳಗೆ ಬೆಳೆಯುತ್ತವೆ. ಸುಮಾರು 20ರಿಂದ 125 ಮೈಕ್ರೋಮೀಟರ್ ವ್ಯಾಸದ ರಂಧ್ರಗಳು ಇದಕ್ಕೆ ಸೂಕ್ತವೆಂದು ಕಂಡುಬಂದಿದೆ. ರಂಧ್ರಗಳು ತೀರಾ ಚಿಕ್ಕದಾದರೆ ಜೀವಕೋಶಗಳು ಒಳನುಗ್ಗಲಾರವು. ತೀರಾ ದೊಡ್ಡದಾದರೆ ಅವು ಅಂಟಿಕೊಳ್ಳಲು ಬೇಕಾದ ಒಳಮೇಲ್ಮೈ ಸಾಲದು. ಚೌಕಟ್ಟು ಕರಗುವ ವೇಗವೂ ಅಷ್ಟೇ ಮುಖ್ಯ. ಬೇಗ ಕರಗಿದರೆ ಹೊಸ ಅಂಗಾಂಶಕ್ಕೆ ಆಧಾರ ತಪ್ಪುತ್ತದೆ, ತಡವಾದರೆ ಅದರ ಬೆಳವಣಿಗೆಗೆ ಅಡ್ಡಿಯಾಗುತ್ತದೆ. ಅಡ್ಡಬಂಧಗಳ ಪ್ರಮಾಣದಿಂದ ಈ ವೇಗವನ್ನು ಹೊಂದಿಸಲಾಗುತ್ತದೆ.

ಸುಮಾರು ಎರಡು-ಮೂರು ವಾರಗಳ ನಂತರ ಸಿಲಿಕೋನ್ ಹಾಳೆಯನ್ನು ತೆಗೆದು, ರೋಗಿಯ ದೇಹದಿಂದ ಪಡೆದ ಅತಿ ತೆಳುವಾದ ಹೊರಚರ್ಮವನ್ನು ಕಸಿ ಮಾಡಲಾಗುತ್ತದೆ. ತೆಳುವಾಗಿ ತೆಗೆಯುವುದರಿಂದ ಚರ್ಮ ಪಡೆದ ಜಾಗವು ಬೇಗ ವಾಸಿಯಾಗುತ್ತದೆ.

ಮಿತಿಗಳು

ಹೀಗೆ ಬೆಳೆದ ಚರ್ಮದಲ್ಲಿ ಕೂದಲಿನ ಬುಡಗಳಾಗಲಿ ಬೆವರಿನ ಗ್ರಂಥಿಗಳಾಗಲಿ ಇರುವುದಿಲ್ಲ. ಹಾಳೆಯ ಅಡಿಯಲ್ಲಿ ಸೋಂಕು ತಗಲುವ ಅಪಾಯವಿರುವುದರಿಂದ, ಸುಟ್ಟ ಅಂಗಾಂಶವನ್ನು ಮೊದಲು ಪೂರ್ಣವಾಗಿ ತೆಗೆಯಬೇಕಾಗುತ್ತದೆ. ದನದ ಕೊಲಾಜೆನ್‌ಗೆ ಅಲರ್ಜಿ ಇರುವವರಿಗೂ, ಸೋಂಕು ತಗಲಿದ ಗಾಯಗಳಿಗೂ ಇದನ್ನು ಬಳಸುವುದಿಲ್ಲ.