ಶುಲ್ಕ ಹಾಕಿದ ನಾಡು, ಶುಲ್ಕ ತೆಗೆದ ನಾಡು

ವಿಶ್ವವಿದ್ಯಾಲಯದ ಶುಲ್ಕ ಏರಿಸುವ ಸರ್ಕಾರಗಳು ಸಾಮಾನ್ಯವಾಗಿ ಕೊಡುವ ಕಾರಣ, ಖಜಾನೆಯಲ್ಲಿ ಹಣವಿಲ್ಲ ಎಂಬುದು. ಇಂಗ್ಲೆಂಡ್ ಮತ್ತು ಜರ್ಮನಿಯ ಚರಿತ್ರೆಯನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ಶುಲ್ಕವನ್ನು ತೀರ್ಮಾನಿಸಿದ್ದು ಖಜಾನೆಗಿಂತ ಹೆಚ್ಚಾಗಿ ಮತ ಎಂಬುದು ಕಾಣುತ್ತದೆ. ಇಂಗ್ಲೆಂಡಿನಲ್ಲಿ 1962ರ ಕಾಯ್ದೆಯ ನಂತರ ಹೆಚ್ಚಿನ ಪದವಿ ವಿದ್ಯಾರ್ಥಿಗಳ ಬೋಧನಾ ಶುಲ್ಕವನ್ನು ಸ್ಥಳೀಯ ಆಡಳಿತಗಳೇ ಕಟ್ಟುತ್ತಿದ್ದವು. ಬಡ ಮನೆಯ ಮಕ್ಕಳಿಗೆ ಊಟ-ವಸತಿಯ ಖರ್ಚೂ ಸಿಗುತ್ತಿತ್ತು. 1998ರಲ್ಲಿ ವರ್ಷಕ್ಕೆ 1,000 ಪೌಂಡ್ ಶುಲ್ಕ ಬಂತು. ಅದನ್ನು 3,000ಕ್ಕೆ ಏರಿಸುವ ಮಸೂದೆ 2004ರ ಜನವರಿಯಲ್ಲಿ ಕೆಳಮನೆಯಲ್ಲಿ ಬಚಾವಾದದ್ದು 316ಕ್ಕೆ 311, ಬರೀ ಐದು ಮತಗಳಿಂದ. 2012ಕ್ಕೆ ಮಿತಿ 9,000 ಪೌಂಡ್ ಮುಟ್ಟಿತು. ಜರ್ಮನಿಯಲ್ಲೂ 2005ರಲ್ಲಿ ಸಂವಿಧಾನ ನ್ಯಾಯಾಲಯ ಶುಲ್ಕದ ಮೇಲಿನ ನಿಷೇಧವನ್ನು ರದ್ದುಮಾಡಿದ ಮೇಲೆ ಏಳು ರಾಜ್ಯಗಳು ಸೆಮಿಸ್ಟರಿಗೆ ಸುಮಾರು 500 ಯೂರೋ ವಸೂಲಿಗೆ ಇಳಿದವು. ಆದರೆ ಅಲ್ಲಿನ ಜನ ಸುಮ್ಮನಿರಲಿಲ್ಲ. ಬವೇರಿಯಾದಲ್ಲಿ ಶುಲ್ಕದ ವಿರುದ್ಧದ ಜನಮನವಿಗೆ ಎರಡೇ ವಾರಗಳಲ್ಲಿ ಶೇ. 10ರಷ್ಟು ಮತದಾರರ ಸಹಿ ಬೇಕಿತ್ತು. ಅದೂ ಮನೆಬಾಗಿಲಲ್ಲಿ ಅಲ್ಲ, ಗುರುತಿನ ಚೀಟಿ ಹಿಡಿದು ಸರ್ಕಾರಿ ಕಚೇರಿಗೇ ಹೋಗಿ ಹಾಕಬೇಕು. 2013ರ ಜನವರಿಯ ಚಳಿಯಲ್ಲಿ ಶೇ. 14ಕ್ಕೂ ಹೆಚ್ಚು ಮಂದಿ ಹೋಗಿ ಸಹಿ ಹಾಕಿದರು; ಅದೇ ವರ್ಷ ಶಾಸನಸಭೆ ಶುಲ್ಕ ತೆಗೆಯಿತು. ಕೊನೆಯದಾಗಿ ಲೋವರ್ ಸ್ಯಾಕ್ಸನಿ 2014ರಲ್ಲಿ ಕೈಬಿಟ್ಟಿತು.

ಕಾಲೇಜಿನ ಮೆಟ್ಟಿಲು ಹತ್ತದ ಕೂಲಿಕಾರನ ತೆರಿಗೆಯಿಂದ ನಾಳಿನ ಡಾಕ್ಟರನನ್ನು ಓದಿಸುವುದು ನ್ಯಾಯವೇ ಎಂಬ ಆಕ್ಷೇಪವಿದೆ. ಇದು ತಳ್ಳಿಹಾಕುವ ಮಾತಲ್ಲ. ಇಂಗ್ಲೆಂಡಿನಲ್ಲಿ ಶುಲ್ಕ ಏರಿದ ಮೇಲೂ ಪೂರ್ಣಾವಧಿ ಓದಿಗೆ ಬರುವ ಬಡ ಮಕ್ಕಳ ಪಾಲು ಕುಸಿಯಲಿಲ್ಲ. ಶುಲ್ಕ ಕಟ್ಟಲು ಸಾಲ ಮೊದಲೇ ಸಿಗುತ್ತದೆ, ತೀರಿಸುವುದು ಸಂಬಳ ಬಂದ ಮೇಲೆ. ಆದರೆ ಕೆಲಸ ಮಾಡುತ್ತಲೇ ಅರೆಕಾಲಿಕವಾಗಿ ಓದುತ್ತಿದ್ದವರ ಸಂಖ್ಯೆ 2012ರ ನಂತರ ಪಾತಾಳಕ್ಕಿಳಿಯಿತು. ಸಿರಿವಂತನ ಮಗ ಶುಲ್ಕವನ್ನು ಒಮ್ಮೆಲೇ ಕಟ್ಟಿ ಬಡ್ಡಿಯಿಂದ ಪಾರಾಗುತ್ತಾನೆ; ಸಾಲ ಮಾಡಿದವಳ ಸಂಬಳದಲ್ಲಿ ನಿಗದಿತ ಮಿತಿ ಮೀರಿದ ಭಾಗದ ಶೇ. 9 ವರ್ಷಗಟ್ಟಲೆ ಕಡಿತವಾಗುತ್ತದೆ. ಗೊತ್ತುಪಡಿಸಿದ ಅವಧಿಯಲ್ಲೂ ತೀರದ ಸಾಲವನ್ನು ಮನ್ನಾ ಮಾಡುವುದು ಮತ್ತೆ ಅದೇ ಖಜಾನೆ. ಹೆಚ್ಚು ದುಡಿಯುವ ಪದವೀಧರರಿಂದ ಹೆಚ್ಚು ಪಡೆಯುವುದಕ್ಕೆ ಆದಾಯ ತೆರಿಗೆಯೆಂಬ ನೇರ ದಾರಿ ಇದ್ದೇ ಇದೆ.

ಜರ್ಮನಿಯ ವಿನಾಯಿತಿಗೂ ಒಂದು ಗಡಿಯಿದೆ. ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕ ವಿಧಿಸಿತು. ಬೆಂಗಳೂರಿನಿಂದ ಸ್ಟುಟ್‌ಗಾರ್ಟಿಗೋ ಹೈಡೆಲ್‌ಬರ್ಗಿಗೋ ಓದಲು ಹೋದವರೂ ಅವರಲ್ಲಿ ಸೇರಿದ್ದರು. ಅವರಿಗೆ ಅಲ್ಲಿ ಮತವಿರಲಿಲ್ಲ.