ಗಾಡಿಯಿಂದ ಇಳಿದ ಎಂಜಿನ್ನಿನ ಕಥೆ



ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಇತ್ತೀಚೆಗೆ ಒಂದು ಪ್ರಶ್ನೆಯನ್ನು ಕಳುಹಿಸಿದ್ದಾರೆ. ಅವರ ದಿವಂಗತ ತಂದೆಯವರು ಟ್ಯಾಕ್ಸಿಯಾಗಿ ಓಡಿಸುತ್ತಿದ್ದ ಅಂಬಾಸಡರ್ ಕಾರಿನ ಮೈಯೆಲ್ಲ ತುಕ್ಕು ಹಿಡಿದಿದೆ. ಅದನ್ನು ಸರಿಪಡಿಸಲು ಒಂದೆರಡು ವರ್ಷಗಳಾದರೂ ಬೇಕು. ಅಲ್ಲಿಯವರೆಗೆ ಎಂಜಿನ್ನನ್ನು ಹೊರತೆಗೆದು, ಸ್ಟ್ಯಾಂಡಿನ ಮೇಲೆ ಕೂರಿಸಿ, ಮನೆಯ ಷೆಡ್ಡಿನಲ್ಲಿ ಇರಿಸಬೇಕೆಂದಿದ್ದಾರೆ. ಮನೆಯಲ್ಲಿ ಓಡಾಡುವ ಚಿಕ್ಕ ಮಕ್ಕಳಿದ್ದಾರೆ, ಮಳೆಗಾಲವೂ ಹತ್ತಿರವಾಗಿದೆ. ಭಯವಿಲ್ಲದೆ ಇಡುವುದು ಹೇಗೆ ಎಂಬುದು ಅವರ ಚಿಂತೆ. ನಾನು ಇತಿಹಾಸದ ಮೇಷ್ಟರಾದ್ದರಿಂದ ಉತ್ತರವನ್ನು ಇತಿಹಾಸದಲ್ಲಿಯೇ ಹುಡುಕಿದೆ. ಗಾಡಿಯಿಂದ ಇಳಿದ ಎಂಜಿನ್ನಿಗೆ ಶತ್ರುಗಳು ಇಬ್ಬರು: ಒಂದು ಅದರದೇ ಭಾರ, ಇನ್ನೊಂದು ಗಾಳಿಯಲ್ಲಿರುವ ತೇವ. ಈ ಇಬ್ಬರನ್ನೂ ಗೆಲ್ಲುವ ಉಪಾಯವನ್ನು ಮನುಷ್ಯನು ಹಂತಹಂತವಾಗಿ ಕಲಿತನು.

ಮೊದಮೊದಲು ಈ ಪ್ರಶ್ನೆಯೇ ಇರಲಿಲ್ಲ. ಜರ್ಮನಿಯ ನಿಕೋಲಸ್ ಆಟೋ 1876ರಲ್ಲಿ ನಾಲ್ಕು ಹೊಡೆತಗಳ ಎಂಜಿನ್ನನ್ನು ಸಿದ್ಧಪಡಿಸಿದಾಗ ಅದು ಕಾರ್ಖಾನೆಯ ನೆಲಕ್ಕೆ ಬಿಗಿದ ಯಂತ್ರವಾಗಿತ್ತು. ನಮ್ಮ ಊರುಗಳ ಹಿಟ್ಟಿನ ಗಿರಣಿಗಳಲ್ಲಿ ಕಾಂಕ್ರೀಟ್ ಕಟ್ಟೆಯ ಮೇಲೆ ಬೋಲ್ಟುಗಳಿಂದ ಬಂಧಿತವಾಗಿದ್ದ ಆಯಿಲ್ ಎಂಜಿನ್ನನ್ನು ನೀವೆಲ್ಲ ಕಂಡಿದ್ದೀರಿ. ಅಂಥದಕ್ಕೆ ಭೂಮಿಯೇ ಪೀಠ. ಎಂಜಿನ್ನು ಗಾಡಿಯನ್ನು ಏರಿದ ಮೇಲೆಯೇ ಅದನ್ನು ಇಳಿಸುವ, ಎತ್ತುವ, ನಿಲ್ಲಿಸುವ ಪ್ರಶ್ನೆಗಳು ಹುಟ್ಟಿಕೊಂಡವು.

ಕಾರ್ಲ್ ಬೆಂಜ್ 1886ರ ಜನವರಿ 29ರಂದು ತನ್ನ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಸಲ್ಲಿಸಿದನು. ಅದರ ಎಂಜಿನ್ನಿಗೆ ಒಂದೇ ಸಿಲಿಂಡರು, 954 ಸಿ.ಸಿ. ಗಾತ್ರ, ಶಕ್ತಿ ಒಂದು ಕುದುರೆಗೂ ಕಡಿಮೆ. ಆದರೆ ತೂಕ ಮಾತ್ರ ಸುಮಾರು 100 ಕಿಲೋಗ್ರಾಂ! ಬೆಂಜ್ ಅದರ ದೊಡ್ಡ ಫ್ಲೈವೀಲನ್ನು ಬೀಸುವ ಕಲ್ಲಿನ ಹಾಗೆ ಅಡ್ಡಲಾಗಿ ಮಲಗಿಸಿದನು. ನೆಟ್ಟಗೆ ನಿಲ್ಲಿಸಿದರೆ ಅದರ ತಿರುಗುವ ವೇಗವು ಗಾಡಿಯನ್ನು ಹೊರಳಿಸಲು ಅಡ್ಡಿಯಾದೀತೆಂಬ ಶಂಕೆ ಅವನದು. ಎಂಜಿನ್ನನ್ನು ಯಾವ ಭಂಗಿಯಲ್ಲಿ ಕೂರಿಸಬೇಕೆಂಬ ಆಲೋಚನೆ ಮೋಟಾರು ಗಾಡಿಯ ಜೊತೆಯಲ್ಲಿಯೇ ಹುಟ್ಟಿತೆನ್ನಲು ಇದೊಂದು ನಿದರ್ಶನ.

ಎಂಜಿನ್ನನ್ನು ಎಷ್ಟು ಎತ್ತರದಲ್ಲಿಟ್ಟು ಕೆಲಸ ಮಾಡಬೇಕು? ಇದನ್ನು ಅಳೆದು ನೋಡಿದವನು ಅಮೆರಿಕದ ಹೆನ್ರಿ ಫೋರ್ಡ್. 1913ರಲ್ಲಿ ಅವನ ಕಾರ್ಖಾನೆಯಲ್ಲಿ ಫ್ಲೈವೀಲಿಗೆ ಸೇರಿದ ಮ್ಯಾಗ್ನೆಟೋ ಎಂಬ ವಿದ್ಯುತ್ ಭಾಗವನ್ನು ಜೋಡಿಸಲು ಒಬ್ಬ ಕೆಲಸಗಾರನಿಗೆ ಸುಮಾರು 20 ನಿಮಿಷ ಬೇಕಾಗುತ್ತಿತ್ತು. ಕೆಲಸವನ್ನು 29 ಭಾಗಗಳಾಗಿ ಹಂಚಿ ಸಾಲಿನಲ್ಲಿ ಸಾಗಿಸಿದಾಗ ಅದು 13 ನಿಮಿಷ 10 ಸೆಕೆಂಡಿಗೆ ಇಳಿಯಿತು. ಮರುವರ್ಷ ಆ ಸಾಲನ್ನು ಕೇವಲ 8 ಅಂಗುಲ ಮೇಲಕ್ಕೆತ್ತಿದರು. ಸಮಯ 7 ನಿಮಿಷಕ್ಕೆ ಬಂದಿತು. ಕಾರಿನ ಚೌಕಟ್ಟನ್ನು ಜೋಡಿಸುವಲ್ಲಿಯೂ ಎತ್ತರದವರಿಗೆ ಒಂದು, ಕುಳ್ಳಗಿರುವವರಿಗೆ ಇನ್ನೊಂದು ಎಂದು ಎರಡು ಎತ್ತರದ ಸಾಲುಗಳನ್ನು ಏರ್ಪಡಿಸಿದರು. ಈ ವಿವರಗಳನ್ನು ಫೋರ್ಡ್ 1922ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಬಗ್ಗಿದ ಬೆನ್ನು ಬೇಗ ದಣಿಯುತ್ತದೆ, ದಣಿದ ಕೈ ತಪ್ಪುತ್ತದೆ. ಇಂದಿನ ಗ್ಯಾರೇಜುಗಳ ಸ್ಟ್ಯಾಂಡು ಎಂಜಿನ್ನನ್ನು ಸೊಂಟದ ಮಟ್ಟದಲ್ಲಿ ಹಿಡಿದಿರುವುದರ ಹಿಂದೆಯೂ ಇದೇ ತತ್ತ್ವವಿದೆ.

ಎತ್ತರಕ್ಕಿಂತ ಮುಖ್ಯವಾದದ್ದು ಸಮತೋಲ. ಒಂಬತ್ತನೆಯ ತರಗತಿಯಲ್ಲಿ ಅಳತೆಪಟ್ಟಿಯನ್ನು ಬೆರಳ ತುದಿಯಲ್ಲಿ ನಿಲ್ಲಿಸಿ ಗುರುತ್ವ ಕೇಂದ್ರವನ್ನು ಕಂಡುಹಿಡಿದದ್ದು ನಿಮಗೆ ನೆನಪಿರಬಹುದು. ಆ ಪಾಠವನ್ನು ಕಾರಿನೊಳಗೆ ತಂದ ಶ್ರೇಯಸ್ಸು ಕ್ರೈಸ್ಲರ್ ಕಂಪನಿಗೆ ಸಲ್ಲುತ್ತದೆ. 1931ರಲ್ಲಿ ಅದರ ಪ್ಲಿಮತ್ ಕಾರಿನಲ್ಲಿ 'ಫ್ಲೋಟಿಂಗ್ ಪವರ್' ಎಂಬ ವಿಧಾನ ಬಂದಿತು. ಎಂಜಿನ್ನನ್ನು ಮುಂದುಗಡೆ ಎತ್ತರದಲ್ಲಿ ಒಂದು, ಹಿಂದುಗಡೆ ತಗ್ಗಿನಲ್ಲಿ ಒಂದು ರಬ್ಬರ್ ಆಧಾರದ ಮೇಲೆ ಕೂರಿಸಿದರು. ಆ ಎರಡನ್ನೂ ಸೇರಿಸುವ ರೇಖೆಯು ಎಂಜಿನ್ನಿನ ಗುರುತ್ವ ಕೇಂದ್ರದ ಮೂಲಕ ಹಾದುಹೋಗುವಂತೆ ಲೆಕ್ಕ ಹಾಕಲಾಗಿತ್ತು. ಹೀಗಾಗಿ ಎಂಜಿನ್ನು ತನ್ನ ಸಹಜವಾದ ಅಕ್ಷದ ಸುತ್ತಲೇ ತೂಗಾಡಿತು. ಅದರ ನಡುಕ ಪ್ರಯಾಣಿಕರನ್ನು ಹೆಚ್ಚು ಬಾಧಿಸಲಿಲ್ಲ. ಫ್ರಾನ್ಸಿನ ಸಿಟ್ರೋಯೆನ್ ಕಂಪನಿ ಈ ವಿದ್ಯೆಯ ಹಕ್ಕನ್ನು ಪಡೆದು ತನ್ನ ಕಾರುಗಳಲ್ಲಿ ಬಳಸಿತು. ತಿರುಗಿಸಬಲ್ಲ ಸ್ಟ್ಯಾಂಡಿಗೂ ಇದೇ ನಿಯಮ ಅನ್ವಯಿಸುತ್ತದೆ. ತಿರುಗುವ ಕೊಳವೆಯ ನಡುಗೆರೆ ಗುರುತ್ವ ಕೇಂದ್ರಕ್ಕೆ ಹತ್ತಿರವಿದ್ದರೆ ಎಂಜಿನ್ನು ಕೈಯ ಅಂಕೆಯಲ್ಲಿರುತ್ತದೆ. ಭಾರ ಮೇಲಾಗಿ ನಿಂತಿದ್ದರೆ, ತಡೆಯ ಪಿನ್ನು ತೆಗೆದ ಕೂಡಲೇ ಗಿರಕ್ಕನೆ ಹೊರಳಿ ಕೈಯನ್ನೇ ಮುರಿದೀತು.

ಇನ್ನು ಎರಡನೆಯ ಶತ್ರುವಾದ ತೇವದ ವಿಚಾರ. ಇಲ್ಲಿ ಕಾರನ್ನು ಬಿಟ್ಟು ವಿಮಾನದ ಕಡೆಗೆ ತುಸು ಹೊರಳಬೇಕಾಗಿದೆ. ಎಂಜಿನ್ನನ್ನು ಕಾಪಿಡುವ ದೊಡ್ಡ ಪಾಠಗಳು ಅಲ್ಲಿಂದಲೇ ಬಂದವು. ರೈಟ್ ಸಹೋದರರು 1903ರ ಡಿಸೆಂಬರ್ 17ರಂದು ಹಾರಿಸಿದ ಪ್ರಥಮ ವಿಮಾನವನ್ನು ಬಿಚ್ಚಿ ಪೆಟ್ಟಿಗೆಗಳಲ್ಲಿ ತುಂಬಿ ಡೇಟನ್ ನಗರದ ತಮ್ಮ ಷೆಡ್ಡಿನಲ್ಲಿ ಇರಿಸಿದ್ದರು. 1913ರ ಮಾರ್ಚಿಯಲ್ಲಿ ಆ ನಗರಕ್ಕೆ ಮಹಾಪ್ರವಾಹ ಬಂದು, ಪೆಟ್ಟಿಗೆಗಳು 11 ದಿನಗಳ ಕಾಲ ನೀರು ಕೆಸರುಗಳಲ್ಲಿ ಮುಳುಗಿದವು. ವಿಮಾನವು ಹೇಗೋ ಉಳಿದುಕೊಂಡು, ದುರಸ್ತಿಗೊಂಡು 1916ರಲ್ಲಿ ಪ್ರದರ್ಶನವನ್ನು ಕಂಡಿತು. ಪೆಟ್ಟಿಗೆಯಲ್ಲಿಟ್ಟ ಮಾತ್ರಕ್ಕೆ ವಸ್ತು ಸುರಕ್ಷಿತವಲ್ಲ, ಅದನ್ನು ಎಲ್ಲಿ ಇಟ್ಟಿದ್ದೇವೆಂಬುದೂ ಮುಖ್ಯ ಎಂಬುದನ್ನು ಈ ಘಟನೆ ಹೇಳುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ಸಾವಿರಾರು ಎಂಜಿನ್ನುಗಳು ಹಡಗುಗಳಲ್ಲಿ ಸಾಗರ ದಾಟಬೇಕಾಯಿತು. ಉಪ್ಪುಗಾಳಿಗೆ ಉಕ್ಕು ಬೇಗನೆ ತುಕ್ಕು ಹಿಡಿಯುತ್ತದೆ. ಅದಕ್ಕಾಗಿ ಒಳಭಾಗಗಳಿಗೆ ರಕ್ಷಕ ತೈಲವನ್ನು ಸಿಂಪಡಿಸಿ, ರಂಧ್ರಗಳನ್ನು ಮುಚ್ಚಿ, ತೇವ ನುಸುಳದ ಹೊದಿಕೆಯೊಳಗೆ ಸಿಲಿಕಾ ಜೆಲ್ ಹರಳುಗಳನ್ನಿಟ್ಟು ಕಳುಹಿಸುವ ಪದ್ಧತಿ ಬಲಗೊಂಡಿತು. ಸ್ಪಾರ್ಕ್ ಪ್ಲಗ್ಗಿನ ಜಾಗದಲ್ಲಿ ಹರಳು ತುಂಬಿದ ಪಾರದರ್ಶಕ ಪ್ಲಗ್ಗುಗಳನ್ನು ಕೂರಿಸುತ್ತಿದ್ದರು. ಕೋಬಾಲ್ಟ್ ಲವಣ ಬೆರೆತ ಆ ಹರಳು ಒಣಗಿದ್ದಾಗ ನೀಲಿ, ತೇವ ಹೀರಿದಾಗ ಗುಲಾಬಿ. ಬಿಚ್ಚಿ ನೋಡದೆಯೇ ಎಂಜಿನ್ನಿನ ಕ್ಷೇಮಸಮಾಚಾರ ತಿಳಿಯುತ್ತಿತ್ತು!

ಈ ಕಥೆಗೆ ನಮ್ಮ ಬೆಂಗಳೂರಿನ ಸಂಬಂಧವೂ ಇದೆ. ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನೊಂದಿಗೆ 1940ರ ಡಿಸೆಂಬರಿನಲ್ಲಿ ಸ್ಥಾಪಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು 1943ರಲ್ಲಿ ಅಮೆರಿಕದ ಸೇನೆಯ ಉಸ್ತುವಾರಿಗೆ ಬಂದು, ಯುದ್ಧ ಮುಗಿಯುವ ತನಕ ವಿಮಾನಗಳನ್ನೂ ಅವುಗಳ ಎಂಜಿನ್ನುಗಳನ್ನೂ ಬಿಚ್ಚಿ ಶುದ್ಧಗೊಳಿಸಿ ಜೋಡಿಸುವ ದೊಡ್ಡ ಕೇಂದ್ರವಾಗಿತ್ತು. ನಮ್ಮ ನಾಡಿನ ಅನೇಕ ಕುಶಲ ಕೈಗಳು ಪಳಗಿದ್ದು ಅಲ್ಲಿ.

ಇಷ್ಟು ಇತಿಹಾಸವನ್ನು ಇಟ್ಟುಕೊಂಡು ಮೂಲ ಪ್ರಶ್ನೆಗೆ ಉತ್ತರಿಸುವುದು ಸುಲಭ. ಅಂಬಾಸಡರಿನ ಎಂಜಿನ್ನು ನೂರು ಕಿಲೋಗ್ರಾಮಿಗೂ ಮಿಕ್ಕಿದ ಎರಕದ ಕಬ್ಬಿಣ. ಅದನ್ನು ಚೈನ್ ಪುಲ್ಲಿಯಿಂದ ಎತ್ತಿದಾಗ ಅದರ ಕೆಳಗೆ ಕೈಕಾಲು ಇಡಬಾರದು. ಎಣ್ಣೆ, ನೀರು ಬಸಿದು, ಕ್ಲಚ್ಚನ್ನೂ ಫ್ಲೈವೀಲನ್ನೂ ಕಳಚಿದ ಮೇಲೆ, ಗೇರ್ ಬಾಕ್ಸ್ ಕೂರುವ ಹಿಂಬದಿಯ ಮುಖಕ್ಕೆ ಸ್ಟ್ಯಾಂಡಿನ ನಾಲ್ಕು ತೋಳುಗಳನ್ನೂ ಬಿಗಿಯಬೇಕು. ಬೋಲ್ಟುಗಳು ಗಟ್ಟಿ ಉಕ್ಕಿನವಾಗಿದ್ದು, ಮರೆ ಸರಿಹೊಂದಿ, ಸಾಕಷ್ಟು ಆಳಕ್ಕೆ ಇಳಿದಿರಬೇಕು. ಎಲ್ಲವೂ ಬಿಗಿಯಾಗುವ ತನಕ ಚೈನನ್ನು ಸಡಿಲಿಸಕೂಡದು. ಸ್ಟ್ಯಾಂಡು ಹೊರಬಲ್ಲ ತೂಕ ಎಂಜಿನ್ನಿನ ತೂಕಕ್ಕಿಂತ ಬಹಳ ಹೆಚ್ಚಿರಲಿ. ಮೂರು ಚಕ್ರಗಳದ್ದಕ್ಕಿಂತ ನಾಲ್ಕು ಚಕ್ರಗಳದ್ದು ಲೇಸು. ಹೊಸ್ತಿಲು, ಇಳಿಜಾರು ಇರುವಲ್ಲಿ ಅದನ್ನು ತಳ್ಳಬಾರದು.

ಮುಖ್ಯವಾದ ಮಾತು: ಸ್ಟ್ಯಾಂಡು ಕೆಲಸಕ್ಕಾಗಿ ಇರುವುದೇ ಹೊರತು ವರ್ಷಗಟ್ಟಲೆ ಇಡುವುದಕ್ಕಲ್ಲ. ಅಲ್ಲಿ ಎಂಜಿನ್ನಿನ ಇಡೀ ಭಾರ ಒಂದೇ ತುದಿಯಿಂದ ಜೋತು ನಿಂತಿರುತ್ತದೆ. ಎತ್ತರದಲ್ಲಿರುವ ಅಂಥ ಭಾರ ಆಡುವ ಮಕ್ಕಳಿರುವ ಮನೆಗೆ ತಕ್ಕುದಲ್ಲ. ದೀರ್ಘಕಾಲಕ್ಕೆ ದಪ್ಪ ಮರದ ತೊಲೆಗಳಿಂದ ತಗ್ಗಾದ, ಅಗಲವಾದ ತೊಟ್ಟಿಲನ್ನು ಮಾಡಿಸಿ ಅದರಲ್ಲಿ ಕೂರಿಸಬೇಕು. ತಳದ ಆಯಿಲ್ ಚೇಂಬರು ತಗಡಿನದು, ಅದರ ಮೇಲೆ ಭಾರ ಬೀಳಬಾರದು. ಗಟ್ಟಿಯಾದ ಎರಕದ ಭಾಗವೇ ಆಧಾರವಾಗಬೇಕು. ಸಿಲಿಂಡರುಗಳಿಗೆ ತುಸು ಎಣ್ಣೆ ಹಾಕಿ, ಕ್ರ್ಯಾಂಕ್ ಶಾಫ್ಟನ್ನು ಕೈಯಿಂದ ಒಂದೆರಡು ಸುತ್ತು ತಿರುಗಿಸಿ, ಪ್ಲಗ್ಗುಗಳನ್ನು ಮರಳಿ ಕೂರಿಸಿ, ಉಳಿದ ತೂತುಗಳನ್ನು ಮುಚ್ಚಿಬಿಡಿ. ಗೋಣಿಚೀಲ ಹೊದಿಸುವುದು ನಮ್ಮಲ್ಲಿ ರೂಢಿ. ಆದರೆ ಅದು ತೇವವನ್ನು ಹೀರಿ ಕಬ್ಬಿಣಕ್ಕೆ ಅಂಟಿಸುತ್ತದೆ. ಸಿಲಿಕಾ ಜೆಲ್ ಚೀಲಗಳನ್ನಿಟ್ಟು ದಪ್ಪ ಪ್ಲಾಸ್ಟಿಕ್ಕಿನಿಂದ ಮುಚ್ಚಿ ಕಟ್ಟುವುದು ಉತ್ತಮ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬಿಚ್ಚಿ ನೋಡಿ, ಚೀಲಗಳನ್ನು ಬದಲಿಸಬೇಕು. ಎತ್ತುವ ಮತ್ತು ಬಿಗಿಯುವ ಕೆಲಸದಲ್ಲಿ ಅನುಭವಿ ಮೆಕ್ಯಾನಿಕರೊಬ್ಬರು ಜೊತೆಗಿರಲೇಬೇಕು.

ಬೆಂಜ್ ಕಂಪನಿಯು ತನ್ನ ಮೊದಲ ಮೋಟಾರು ಗಾಡಿಯನ್ನು 1906ರಲ್ಲಿ ಮ್ಯೂನಿಕ್ಕಿನ ಡಾಯ್ಚ ಮ್ಯೂಸಿಯಂಗೆ ಒಪ್ಪಿಸಿತು. ಎರಡು ಮಹಾಯುದ್ಧಗಳನ್ನು ದಾಟಿ ಅದು ಇಂದಿಗೂ ಉಳಿದಿದೆ. ಯಂತ್ರವನ್ನು ಕಟ್ಟಿದವರ ಹೆಸರು ಲೋಕಕ್ಕೆಲ್ಲ ಗೊತ್ತು. ಅದನ್ನು ತಲೆಮಾರಿನಿಂದ ತಲೆಮಾರಿಗೆ ಒರೆಸಿ, ಎಣ್ಣೆ ಹಚ್ಚಿ, ಕಾಯ್ದಿಟ್ಟವರ ಹೆಸರು ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ. ಆದರೂ ನಾವು ಇಂದು ಅದನ್ನು ಕಣ್ಣಾರೆ ಕಾಣುವುದು ಅವರಿಂದಲೇ.