ಸೇರಿಸಿದ ಮೋಡ, ಮರೆಸಿದ ಹೆಸರು

ಒಂದು ಕಪ್ಪು-ಬಿಳುಪು ಛಾಯಾಚಿತ್ರವನ್ನು ಕಣ್ಣ ಮುಂದೆ ತಂದುಕೊಳ್ಳಿ. ಚಳಿಗಾಲದ ಬಯಲು. ನೆಲವೆಲ್ಲ ಕೆಸರು, ಅಲ್ಲಲ್ಲಿ ನಿಂತ ನೀರು. ಎಲ್ಲೆಡೆ ಚದುರಿ ಬಿದ್ದ ಹೆಣಗಳು. ತಲೆಗೆ ವಸ್ತ್ರ ಕಟ್ಟಿದ ಹೆಂಗಸರು ತಮ್ಮವರನ್ನು ಹುಡುಕುತ್ತಿದ್ದಾರೆ. ಒಬ್ಬಾಕೆ ಕೈ ಚಾಚಿ ರೋದಿಸುತ್ತಿದ್ದಾಳೆ. ಮೇಲೆ ಕಪ್ಪು ಮೋಡಗಳು ಕವಿದಿವೆ.

ಸೋವಿಯತ್ ಛಾಯಾಗ್ರಾಹಕ ದ್ಮಿತ್ರಿ ಬಾಲ್ಟರ್‌ಮಾಂಟ್ಸ್ ಇದನ್ನು 1942ರ ಜನವರಿಯಲ್ಲಿ ಕ್ರಿಮಿಯಾದ ಕೆರ್ಚ್ ಪಟ್ಟಣದ ಬಳಿ ತೆಗೆದರು. ಮುಂದೆ ಇದು ‘ಶೋಕ’ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು.

ಚಿತ್ರ ತಾನೇ ಮಾತಾಡುತ್ತದೆ ಎನ್ನುತ್ತಾರೆ. ಆದರೆ ಇತಿಹಾಸದ ವಿದ್ಯಾರ್ಥಿಗೆ ಅದೊಂದು ಸಾಕ್ಷಿ, ಸಾಕ್ಷಿಯನ್ನು ಪ್ರಶ್ನಿಸಲೇಬೇಕು.

ಮೊದಲ ಪ್ರಶ್ನೆ: ಇಲ್ಲಿ ಕಾಣುವುದೆಲ್ಲ ಅಲ್ಲಿ ಇತ್ತೇ? ಇರಲಿಲ್ಲ. 1960ರ ದಶಕದಲ್ಲಿ ಪ್ರದರ್ಶನಗಳಿಗೆ ಬಂದ ಪ್ರತಿಯಲ್ಲಿರುವ ಆ ಮೋಡಗಳನ್ನು ಬೇರೊಂದು ನೆಗೆಟಿವ್‌ನಿಂದ ತಂದು ಸೇರಿಸಲಾಗಿತ್ತು. ಹಾಗೆಂದು ಹೆಣಗಳು ಸುಳ್ಳಲ್ಲ, ಆ ಹೆಂಗಸಿನ ಕಣ್ಣೀರೂ ಸುಳ್ಳಲ್ಲ.

ಎರಡನೆಯ ಪ್ರಶ್ನೆ: ಅಲ್ಲಿ ನಡೆದದ್ದೆಲ್ಲ ಇಲ್ಲಿ ಕಾಣುತ್ತದೆಯೇ? ಇದು ಹೆಚ್ಚು ಕಠಿಣ. 1941ರ ನವೆಂಬರಿನಲ್ಲಿ ಜರ್ಮನ್ ಸೇನೆ ಕೆರ್ಚನ್ನು ಹಿಡಿಯಿತು. ಕೆಲವೇ ವಾರಗಳಲ್ಲಿ ನಾಜಿಗಳು ಊರಾಚೆ, ಟ್ಯಾಂಕುಗಳನ್ನು ತಡೆಯಲು ತೋಡಿದ್ದ ಕಂದಕದ ಬಳಿ ಸಾವಿರಾರು ಜನರನ್ನು ಗುಂಡಿಟ್ಟು ಕೊಂದರು. ಹತರಾದವರಲ್ಲಿ ಬಹುಪಾಲು ಯಹೂದಿಗಳು. ಯಹೂದಿಗಳಾಗಿ ಹುಟ್ಟಿದ್ದೇ ಅವರ ಅಪರಾಧವಾಯಿತು. ಡಿಸೆಂಬರ್ ಕೊನೆಯಲ್ಲಿ ಸೋವಿಯತ್ ಸೇನೆ ಪಟ್ಟಣವನ್ನು ಮರಳಿ ಪಡೆದಾಗ ಕ್ಯಾಮೆರಾಗಳು ಅಲ್ಲಿಗೆ ತಲುಪಿದವು. ಆದರೆ ಯುದ್ಧಾನಂತರ ಸೋವಿಯತ್ ಸರಕಾರ ಇಂತಹ ಬಲಿಗಳನ್ನು ಸಾಮಾನ್ಯವಾಗಿ ‘ಶಾಂತಿಪ್ರಿಯ ಸೋವಿಯತ್ ನಾಗರಿಕರು’ ಎಂದಷ್ಟೇ ಕರೆಯಿತು. ಅವರನ್ನು ಏಕೆ ಕೊಂದರೆಂಬುದು ಮರೆಯಾಯಿತು.

ಈಗ ನೀವೇ ಹೇಳಿ: ಸತ್ಯಕ್ಕೆ ಹೆಚ್ಚಿನ ಪೆಟ್ಟು ಕೊಟ್ಟದ್ದು ಸೇರಿಸಿದ ಮೋಡವೋ, ಮರೆಸಿದ ಹೆಸರೋ? ನನ್ನ ಮಟ್ಟಿಗೆ, ಮರೆಸಿದ ಹೆಸರೇ.

ಸುದ್ದಿ ಬಂದಾಗ ವಿಚಾರಿಸಿ ನೋಡಬೇಕೆಂದು ಪವಿತ್ರ ಕುರ್‌ಆನ್ ಸೂರಾ ಅಲ್ ಹುಜುರಾತ್‌ನಲ್ಲಿ ಬೋಧಿಸುತ್ತದೆ. ಯಾವುದೇ ಜನರ ಮೇಲಿನ ದ್ವೇಷ ನಮ್ಮನ್ನು ನ್ಯಾಯದಿಂದ ದೂರ ಸರಿಸಬಾರದೆಂದು ಸೂರಾ ಅಲ್ ಮಾಇದಾ ಎಚ್ಚರಿಸುತ್ತದೆ. ಚಿತ್ರಗಳನ್ನು ಓದುವವನಿಗೆ ಈ ಎರಡೂ ಬೇಕು. ನಾಳೆ ನಿಮ್ಮ ಮೊಬೈಲಿಗೆ ಹೆಣಗಳ, ಗಲಭೆಗಳ ಚಿತ್ರವೊಂದು ಬರಬಹುದು. ಅದನ್ನು ಇನ್ನೊಬ್ಬರಿಗೆ ಕಳಿಸುವ ಮುನ್ನ ಕೇಳಿ: ಎಲ್ಲಿಯದು? ಯಾವಾಗಿನದು? ತೆಗೆದವರು ಯಾರು? ಏನನ್ನು ಸೇರಿಸಿದ್ದಾರೆ? ಯಾರ ಹೆಸರನ್ನು ಬಿಟ್ಟಿದ್ದಾರೆ? ಆ ಹೆಸರು ನಮ್ಮವರದಾಗಲಿ, ಅನ್ಯರದಾಗಲಿ, ಅದನ್ನು ಹುಡುಕಿ ಹೇಳುವುದೇ ಇತಿಹಾಸ ಕಲಿತವರ ಕರ್ತವ್ಯ.